ನೀರು ಹಾಕಬೇಡಿ ರಾಯರು

ಊರಿಗೆ ಹೋಗುವಾಗ ಪಕ್ಕದ ಮನೆಗೆ ಕೀಲಿಕೈ ಕೊಟ್ಟು ‘ಗಿಡಕ್ಕೆ ಒಂದಿಷ್ಟು ನೀರು ಹಾಕಿ’ ಎನ್ನುವುದು ಗಿಡದ ಹುಚ್ಚಿನವರ ಲಕ್ಷಣ. ಮೈಸೂರಿನ ನಮ್ಮ ಬೀದಿಯ ರಾಯರದು ನೀರು ಹಾಕದಂತೆ ಕಾವಲಿಡುವ ಜಾತಿ.

ಅವರ ಆರಾಧ್ಯದೈವ ಗೌರಿ ಹೂ. ಗುಡ್ಡದ ಪೊದೆಗಳಲ್ಲಿ ತಾನಾಗಿ ಹುಟ್ಟುವ ಬಳ್ಳಿ. ಎಲೆಯ ತುದಿಯನ್ನೇ ಕೊಕ್ಕೆ ಮಾಡಿಕೊಂಡು ಸಿಕ್ಕಿದ್ದನ್ನು ಹಿಡಿದು ಹತ್ತುತ್ತದೆ. ಮಳೆಗಾಲದಲ್ಲಿ ಹಳದಿ, ಕೆಂಪು ಎಸಳುಗಳನ್ನು ಮೇಲಕ್ಕೆ ಮಡಚಿ ಉರಿಯುವುದರಿಂದ ಅಗ್ನಿಶಿಖೆ ಎಂದೂ ಹೆಸರು. ಆಮೇಲೆ ಬಳ್ಳಿ ಒಣಗಿ, ಗೆಡ್ಡೆ ಮಣ್ಣಿನಡಿ ಮಲಗಿಬಿಡುತ್ತದೆ. ಬೇಸಿಗೆಯಿಡೀ ರಾಯರು ಬಂದವರಿಗೆ ತೋರಿಸುವುದು ಬೋಳು ಸಿಮೆಂಟ್ ತೊಟ್ಟಿಯನ್ನೇ. “ಮುಟ್ಟಬೇಡಿ, ಮಲಗಿದೆ.”

ಒಂದು ಏಪ್ರಿಲ್‌ನಲ್ಲಿ ಅವರು ಶಿವಮೊಗ್ಗಕ್ಕೆ ಮದುವೆಗೆ ಹೋದರು. ಕಾವಲು ನನ್ನದು. ಛತ್ರದಿಂದಲೇ ಫೋನು: “ನೀರು ಹಾಕಿಲ್ಲ ತಾನೆ?”

“ಇಲ್ಲ ರಾಯರೇ.”

“ಹಾಕದೆ ಇರೋದನ್ನ ಮರೀಬೇಡಿ.”

ರಾತ್ರಿ ಗುಡುಗು ಶುರುವಾದದ್ದೇ ಮತ್ತೆ ಫೋನು: “ಅಲ್ಲಿ ಮಳೆಯಂತಲ್ಲ! ನೆಂದರೆ ಗೆಡ್ಡೆ ಕೊಳೆಯುತ್ತೆ. ಕೊಡೆ ಹಿಡೀರಿ!” ತೊಟ್ಟಿ ಅಲುಗಿಸಲಾಗದಷ್ಟು ಭಾರ. ಖಾಲಿ ಮಣ್ಣಿಗೆ ಕೊಡೆ ಹಿಡಿದು, ನಾನು ನೆನೆಯುತ್ತ ನಿಂತೆ. ದಾರಿಹೋಕರೊಬ್ಬರು ತಲೆ ಚಚ್ಚಿಕೊಂಡು ಹೋದರು. ನಾನೂ ಚಚ್ಚಿಕೊಳ್ಳುತ್ತಿದ್ದೆ; ಕೈ ಖಾಲಿ ಇರಲಿಲ್ಲ.

ನನ್ನ ಕ್ರೋಟನ್ ಕಂಡರೆ ರಾಯರು “ಪ್ಲಾಸ್ಟಿಕ್ಕೇ?” ಎನ್ನುತ್ತಾರೆ. ತಮ್ಮ ಹೂ ತಮಿಳುನಾಡಿನ ರಾಜ್ಯಪುಷ್ಪ, ಜಿಂಬಾಬ್ವೆಯ ರಾಷ್ಟ್ರಪುಷ್ಪ ಎಂಬುದನ್ನು ಮಗಳ ರ‍್ಯಾಂಕಿನಂತೆ ಸಾರುತ್ತಾರೆ. ಕೀಲುನೋವೆಂದರೆ, ಗೌಟ್‌ಗೆ ಕೊಡುವ ಕೊಲ್ಚಿಸಿನ್ ಈ ಬಳ್ಳಿಯಲ್ಲೇ ಇದೆಯೆಂಬ ಪಾಠ. “ಒಂದು ಚೂರು ಕೊಡಿ” ಎಂದರೆ, “ತಿಂದರೆ ಪ್ರಾಣ ಹೋಗುತ್ತೆ!”

ಆದರೂ ಒಂದು ಮಾತು ಹೇಳಲೇಬೇಕು. ಗೆಡ್ಡೆ ಕಿತ್ತು ತಂದಿದ್ದರೆ ಅವರಿಗೆ ಬೇಗ ಹೂ ಸಿಗುತ್ತಿತ್ತು. ಔಷಧಿಗೆಂದು ಅಗೆದು ಅಗೆದು ತಮ್ಮೂರ ಗುಡ್ಡ ಬರಿದಾದದ್ದನ್ನು ಕಂಡಿದ್ದ ಮನುಷ್ಯ, ಬೀಜ ಬಿತ್ತಿ ವರ್ಷಗಟ್ಟಲೆ ಕಾದರು. ಇಂದು ನೆಟ್ಟು ನಾಳೆ ಫೋಟೋ ಹಾಕುವ ನಮಗೆ, ಏನೂ ಮಾಡದೆ ಕಾಯುವುದೂ ಆರೈಕೆಯೆಂದು ಹೊಳೆಯುವುದೇ ಇಲ್ಲ.

ನಿಮಗೂ ಆಸೆಯಾದರೆ ಗುಡ್ಡ ಅಗೆಯಬೇಡಿ. ಬೆಳೆಸಿದವರಲ್ಲಿ ಬೀಜ ಕೇಳಿ. ನೀರು ನಿಲ್ಲದ ಮಣ್ಣಿರಲಿ. ಬೇರಿನಿಂದ ಬೀಜದವರೆಗೆ ಎಲ್ಲವೂ ವಿಷ, ಮಕ್ಕಳ ಕೈಗೆ, ದನದ ಬಾಯಿಗೆ ಸಿಗದಿರಲಿ.