ಕಣ್ಣಿನ ಖಾತೆ

ದೊಡ್ಡಪ್ಪನಿಗೆ ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ ಡ್ರಾಪ್ಸ್ ಹಾಕುವ ಉದ್ಯೋಗ ನನ್ನ ಪಾಲಿಗೆ ಬಂತು. ದಿನಕ್ಕೆ ಆರು ಸಲ. ಬಾಟಲಿ ಹತ್ತಿರ ಬಂದರೆ ಸಾಕು, ಅವರು ನಿಂಬೆಹಣ್ಣು ಕಚ್ಚಿದವರಂತೆ ಮುಖ ಕಿವುಚುತ್ತಿದ್ದರು. ಮೊದಲ ತೊಟ್ಟು ಮೂಗಿನ ಮೇಲೆ ಬಿತ್ತು, ಎರಡನೆಯದು ಕೆನ್ನೆಯಿಂದ ಜಾರಿ ಕಿವಿ ಸೇರಿತು. “ಕಿವಿಗೆ ಆಪರೇಷನ್ ಆಗಿಲ್ಲ ಕಣೋ” ಎಂದರು.

ದೊಡ್ಡಪ್ಪ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ನಿವೃತ್ತರಾದವರು. ಮೂರನೆಯ ದಿನ ಗಂಟಲು ಕೆರೆದುಕೊಂಡು ತಕರಾರು ತೆಗೆದರು. “ಬಾಯೆಲ್ಲ ಕಹಿ. ಕಣ್ಣಿನ ಖಾತೆಗೆ ಹಾಕಿದ್ದು ಬಾಯಿಯ ಖಾತೆಗೆ ಹ್ಯಾಗೋ ಜಮಾ ಆಯ್ತು?”

ನ್ಯಾಯವಾದ ಪ್ರಶ್ನೆಯೇ. ರೆಪ್ಪೆಗಳ ಅಂಚಿನಲ್ಲಿ, ಮೂಗಿನ ಕಡೆಯ ಮೂಲೆಗೆ, ಸೂಜಿಮೊನೆಯಷ್ಟು ತೂತುಗಳಿವೆ, ಮೇಲೊಂದು, ಕೆಳಗೊಂದು. ಕಣ್ಣೀರು ಅಲ್ಲಿಂದ ಮೂಗಿಗೆ, ಮೂಗಿನಿಂದ ಗಂಟಲಿಗೆ ಇಳಿಯುತ್ತದೆ. ಅತ್ತರೆ ಮೂಗು ಸೋರುವುದು ಅದಕ್ಕೇ. ಔಷಧಿಯೂ ಅದೇ ಮೋರಿ ಹಿಡಿಯುತ್ತದೆ. ಕಣ್ಣಿಗೆ ಔಷಧಿ ಯಾವುದು, ದೂಳು ಯಾವುದು ಎಂಬ ಭೇದವಿಲ್ಲ. ಮಡಿ ಅಜ್ಜಿಯ ಹಾಗೆ ಬಂದದ್ದನ್ನೆಲ್ಲ ತೊಳೆದು ಆಚೆಗೆ ಹಾಕುತ್ತದೆ.

ಲೆಕ್ಕ ಒಪ್ಪಿಸಿದೆ. ಒಂದು ತೊಟ್ಟೆಂದರೆ ಸುಮಾರು 40 ಮೈಕ್ರೋಲೀಟರ್. ಕಣ್ಣು ತುಳುಕದೆ ಹಿಡಿಯುವುದು ಹೆಚ್ಚೆಂದರೆ 30, ಅದರಲ್ಲಿ 7ರಷ್ಟು ಜಾಗದಲ್ಲಿ ಕಣ್ಣೀರು ಮೊದಲೇ ಕೂತಿದೆ. ಅಂದಮೇಲೆ “ಇರಲಿ” ಅಂತ ಹಾಕುವ ಎರಡನೇ ತೊಟ್ಟು ಕೆನ್ನೆಯ ಸೇವೆಗೇ. ನಿಂತದ್ದೂ ಕೆಲವು ನಿಮಿಷಗಳಲ್ಲಿ ಮೂಗಿನ ದಾರಿ ಹಿಡಿಯುತ್ತದೆ. ಕಣ್ಣಿನ ಒಳಕ್ಕೆ ಇಳಿಯುವುದು ನೂರಕ್ಕೆ ಐದೂ ಇಲ್ಲ. “ರಾಜೀವ್ ಗಾಂಧಿ ಹೇಳಿದ ಹಾಗೆ ಸರ್ಕಾರದ ರೂಪಾಯಿಯಲ್ಲಿ ಹದಿನೈದು ಪೈಸೆಯಾದರೂ ಜನಕ್ಕೆ ತಲುಪುತ್ತಿತ್ತಲ್ಲೋ!” ಎಂದು ದೊಡ್ಡಪ್ಪ ನಿಟ್ಟುಸಿರಿಟ್ಟರು.

ಒಳಗೆ ಹೋಗುವುದೂ ಸಲೀಸಲ್ಲ. ಕಪ್ಪುಗುಡ್ಡೆಯ ಮುಂದಿರುವ ಪಾರದರ್ಶಕ ಗಾಜಿನಂಥ ಕಾರ್ನಿಯಾದ ದಪ್ಪ ಅರ್ಧ ಮಿಲಿಮೀಟರ್ ಚಿಲ್ಲರೆ. ಅಷ್ಟರಲ್ಲೇ ಮೂರು ಬಾಗಿಲು. ಮೊದಲ ಪದರ ಎಣ್ಣೆಯ ಜಾತಿಯವರನ್ನು ಮಾತ್ರ ಬಿಡುತ್ತದೆ. ನಡುವಿನ ದಪ್ಪ ಪದರಕ್ಕೆ ನೀರಿನವರೇ ಆಗಬೇಕು. ಒಳಗಿನ ತೆಳುಪದರದಲ್ಲಿ ಮತ್ತೆ ಎಣ್ಣೆಯವರ ಪಾರುಪತ್ಯ. ಎರಡೂ ಪಂಕ್ತಿಯಲ್ಲಿ ಉಣ್ಣಬಲ್ಲ ಔಷಧಿಯೇ ಒಳಗೆ ತಲುಪೀತು. ದೊಡ್ಡಪ್ಪನ ಬಾಟಲಿಯಲ್ಲಿದ್ದ ಮಾಕ್ಸಿಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಅಂಥ ಒಡನಾಟಗಾರ. ಜೆಂಟಾಮೈಸಿನ್ ಎಂಬ ಇನ್ನೊಂದು ಆಂಟಿಬಯಾಟಿಕ್ ಬರೀ ನೀರಿನ ಪಕ್ಷ. ಮೇಲ್ಪದರ ಗಟ್ಟಿಯಾಗಿದ್ದರೆ ಹೊಸ್ತಿಲಲ್ಲೇ ನಿಲ್ಲುತ್ತದೆ. ಕಣ್ಣಿಗೆ ಹುಣ್ಣಾಗಿ ಆ ಪದರ ಕಿತ್ತುಹೋದರೆ ಮಾತ್ರ ಅದಕ್ಕೆ ಒಳದಾರಿ. ಮನೆ ಮುರಿದಾಗಲೇ ಒಳಗೆ ಬರಲಾಗುವ ನೆಂಟ.

ನಾನು ಚಿಕ್ಕವನಿದ್ದಾಗ ಡ್ರಾಪ್ಸ್‌ಗಿಂತ ಕ್ಲೋರೋಮೈಸೆಟಿನ್ ಅಪ್ಲಿಕ್ಯಾಪ್ ಹೆಚ್ಚು. ಬಾಲವಿರುವ ಪುಟ್ಟ ಬಲೂನಿನಂಥ ಕ್ಯಾಪ್ಸೂಲ್. ಅಮ್ಮ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನಿನಿಂದ ಅದರ ತುದಿ ಚುಚ್ಚಿ, ರೆಪ್ಪೆಯೊಳಗೆ ಮುಲಾಮು ಹಿಂಡುತ್ತಿದ್ದಳು. ಅರ್ಧ ಗಂಟೆ ಜಗತ್ತೆಲ್ಲ ತುಪ್ಪದೊಳಗಿಂದ ನೋಡಿದಂತೆ. ಆ ಜಿಡ್ಡೇ ಅದರ ಗುಟ್ಟು: ಕಣ್ಣೀರು ತೊಳೆದರೂ ಬೇಗ ಹೋಗದೆ ನಿಲ್ಲುತ್ತದೆ. ಒಳಗಿನ ಕ್ಲೋರಾಂಫೆನಿಕಾಲ್ ಎಂಬ ಮದ್ದು 1940ರ ದಶಕದಲ್ಲಿ ವೆನೆಜುವೆಲಾದ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸಿಕ್ಕಿದ್ದು. ಕಣ್ಣಿಗೆ ಮಣ್ಣು ಬಿದ್ದರೆ ಬೈಯುತ್ತಿದ್ದ ಅಮ್ಮನಿಗೆ ಇದನ್ನು ಹೇಳಲಿಲ್ಲ.

ಕಣ್ಣಿನ ಹಿಂಭಾಗದ ಲೋಳೆಯಲ್ಲಿ ಸೋಂಕಾದರೆ ತೊಟ್ಟುಗಳ ಆಟ ನಡೆಯದು. ನುಂಗಿದ ಮಾತ್ರೆಗೂ ಅಕ್ಷಿಪಟಲದ ರಕ್ತನಾಳಗಳು ಸುಲಭವಾಗಿ ದಾರಿ ಬಿಡವು. ಆಗ ಡಾಕ್ಟರು ಸೂಜಿಯಿಂದ ನೇರವಾಗಿ ಕಣ್ಣೊಳಗೇ ಹಾಕುತ್ತಾರೆ, 0.1 ಮಿಲಿಲೀಟರ್. ಇದನ್ನು ಕೇಳಿದ ಮೇಲೆ ದೊಡ್ಡಪ್ಪ ಮುಖ ಕಿವುಚುವುದನ್ನು ಬಿಟ್ಟರು.

ಒಂದು ಡ್ರಾಪ್ಸ್‌ಗೂ ಇನ್ನೊಂದಕ್ಕೂ ಐದು ನಿಮಿಷ ಬಿಡಬೇಕು, ಹಾಕಿದ ಮೇಲೆ ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಮೆಲ್ಲಗೆ ಒತ್ತಿ ಹಿಡಿಯಬೇಕು ಎಂದು ಡಾಕ್ಟರು ಹೇಳಿದ್ದರು. ಸಂಜೆ ಪಕ್ಕದ ಮನೆಯವರು ಬಂದಾಗ ಟಿವಿಯಲ್ಲಿ ಧಾರಾವಾಹಿ ಓಡುತ್ತಿತ್ತು. ದೊಡ್ಡಪ್ಪ ಕಣ್ಣು ಮುಚ್ಚಿ, ಮೂಗಿನ ಬುಡಕ್ಕೆ ಬೆರಳಿಟ್ಟು ಕೂತಿದ್ದರು, ಕೆನ್ನೆ ಒದ್ದೆ.

“ಅಯ್ಯೋ, ಯಾಕೆ ರಾಯರೇ ಅಳ್ತಾ ಇದೀರಿ?”

“ಅಳ್ತಾ ಇಲ್ಲಮ್ಮ. ಸೋರಿಕೆ ತಡೀತಾ ಇದೀನಿ.”