ಪಕ್ಕದ ಮನೆಗೆ ಬಂದ ಬ್ಯಾಂಕಿನ ಹುಡುಗಿ

ಕಾರಟಗಿ ತಾಲ್ಲೂಕು ಆದಮೇಲೆ ನಮ್ಮ ಓಣಿಯ ಬಾಡಿಗೆ ಮನೆಗಳಲ್ಲಿ ಹೊಸ ಮುಖಗಳು ಹೆಚ್ಚಾಗಿವೆ. 2018ಕ್ಕೆ ಮುಂಚೆ ತಹಶೀಲ್ದಾರರ ಸಹಿ ಬೇಕೆಂದರೆ ಗಂಗಾವತಿ ಬಸ್ಸು ಹತ್ತಬೇಕಿತ್ತು. ಈಗ ಕಚೇರಿಗಳು ಇಲ್ಲಿಗೇ ಬಂದಿವೆ, ಅವುಗಳ ಬೆನ್ನಿಗೇ ನೌಕರಿಯವರೂ ಬಂದಿದ್ದಾರೆ. ಬಹಳಷ್ಟು ಜನ ಇನ್ನೂ ಹುಡುಗರು, ಮೊದಲ ಪೋಸ್ಟಿಂಗು. ಶನಿವಾರ ಸಂಜೆ ಬ್ಯಾಗು ಹೆಗಲಿಗೇರಿಸಿ ಊರಿಗೆ ಹೊರಟರೆ ಸೋಮವಾರ ಬೆಳಿಗ್ಗೆ ಕಣ್ಣುಜ್ಜಿಕೊಳ್ಳುತ್ತ ಬಂದು ಇಳಿಯುತ್ತಾರೆ. ಹೀಗೇ ಒಂದೆರಡು ವರ್ಷ ಕಳೆದು ವರ್ಗ ಮಾಡಿಸಿಕೊಂಡು ಹೋದವರಿಗೆ ಕಾರಟಗಿ ಅಂದರೆ ರೂಮು, ಕಚೇರಿ, ಬಸ್ ಸ್ಟ್ಯಾಂಡು, ಅಷ್ಟೇ. ನನಗೆ ಇದು ನಿಜಕ್ಕೂ ಬೇಸರ. ಮೊದಲ ನೌಕರಿಯ ಊರನ್ನು ಮನುಷ್ಯ ಕೊನೆತನಕ ನೆನೆಯುತ್ತಾನೆ. ನೆನೆಯಲು ಏನಾದರೂ ಇರಬೇಕಲ್ಲ!

ಅದಕ್ಕೇ ಪಾವಗಡದ ಹುಡುಗಿಯೊಬ್ಬಳು ಪಕ್ಕದ ಮನೆಗೆ ಬಂದಾಗ ನಾನೇ ಕಾಂಪೌಂಡಿನ ಹತ್ತಿರ ಹೋಗಿ ಮಾತಾಡಿಸಿದೆ. ಬ್ಯಾಂಕಿನಲ್ಲಿ ಕ್ಲಾರ್ಕು. ಸಂಜೆ ಬಂದವಳು ಒಣಹಾಕಿದ ಬಟ್ಟೆ ತೆಗೆಯುವ ಹೊತ್ತಿಗೆ ನಾನೂ ಗಿಡಕ್ಕೆ ನೀರು ಹಾಕುತ್ತಿರುತ್ತೇನೆ.

"ಹೆಂಗ ಐತಿ ತಂಗಿ ನೌಕರಿ?" ಅಂತ ಕೇಳಿದೆ ಒಂದಿನ.

"ಕೆಲಸ ಪರವಾಗಿಲ್ಲ ಅಕ್ಕಾ. ಆದರೆ ಜನ ಬಂದ್ರೆ ಒಟ್ಟಿಗೇ ಬರ್ತಾರೆ. ಸ್ವಲ್ಪ ದಿನದ ಹಿಂದೆ ಕೌಂಟರ್ ಮುಂದೆ ಯಾರೂ ಇರ್ತಿರಲಿಲ್ಲ, ಈಗ ತಲೆ ಎತ್ತೋಕೇ ಆಗ್ತಿಲ್ಲ. ಕ್ಯಾಲೆಂಡರ್‌ನಲ್ಲಿ ನೋಡಿದ್ರೆ ಹಬ್ಬ ಇಲ್ಲ, ಸಂಬಳದ ದಿನವೂ ಅಲ್ಲ."

"ಗ್ವಾಡಿ ಕ್ಯಾಲೆಂಡರಿನ್ಯಾಗ ಅದು ಸಿಗೂದಿಲ್ಲವಾ. ಕಾಲುವಿ ನೋಡು."

ಅವಳಿಗೆ ಅರ್ಥವಾಗಲಿಲ್ಲ. ಪಾವಗಡದವಳಲ್ಲವೇ, ಮಳೆ ನೆಚ್ಚಿ ಬದುಕುವ ಸೀಮೆ. ಅಲ್ಲಿ ಸುಮಾರು 13,000 ಎಕರೆಯನ್ನು ರೈತರು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟಿದ್ದಾರೆ. ಬಂದ ಹೊಸದರಲ್ಲಿ ಬಸ್ಸಿನ ಕಿಟಕಿಯಿಂದ ಕಣ್ಣಿಗೆ ಕಾಣುವಷ್ಟೂ ನೆಲ್ಲಿನ ಗದ್ದೆ ಕಂಡು ಅಮ್ಮನಿಗೆ ವಿಡಿಯೊ ಕಾಲ್ ಮಾಡಿದ್ದಳಂತೆ.

ನಮ್ಮದೂ ಒಂದು ಕಾಲಕ್ಕೆ ಒಣಭೂಮಿಯೇ ಅಂದೆ. ನಮ್ಮ ಅಜ್ಜಂದಿರು ಬಿತ್ತಿದ್ದು ಜೋಳ, ಹತ್ತಿ. 1953ರಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಿಟ್ಟರು. ಆಮೇಲೆ ಆಂಧ್ರದ ಕರಾವಳಿಯಿಂದ ನೆಲ್ಲು ಬೆಳೆಯುವುದು ಗೊತ್ತಿದ್ದ ಕುಟುಂಬಗಳು ಬಂದು ಭೂಮಿ ಹಿಡಿದವು, ಗದ್ದೆಯ ಪಕ್ಕದಲ್ಲೇ ಬಿಡಾರ ಹೂಡಿದವು. ಆ ಬಿಡಾರಗಳೇ ಇವತ್ತು ಊರುಗಳಾಗಿ ಕ್ಯಾಂಪು ಅನ್ನಿಸಿಕೊಂಡಿವೆ. ಅವಳ ಕೌಂಟರಿಗೆ ಬರುವ ಪಾಸ್‌ಬುಕ್ಕುಗಳಲ್ಲಿ ಅರ್ಧದ ವಿಳಾಸ ಕ್ಯಾಂಪೇ. ಇಲ್ಲಿ ಅವಳಿಗೊಂದು ಅನುಕೂಲ ಒದಗಿತು. ಪಾವಗಡದ ಎಷ್ಟೋ ಮನೆಗಳ ಹಾಗೆ ಅವಳ ಮನೆಮಾತೂ ತೆಲುಗು. ಕ್ಯಾಂಪಿನ ವಯಸ್ಸಾದ ಹೆಂಗಸರು ಈಗ ಬೇರೆ ಕೌಂಟರು ಖಾಲಿ ಇದ್ದರೂ ಇವಳ ಮುಂದೆಯೇ ನಿಲ್ಲುತ್ತಾರಂತೆ. ದುಡ್ಡಿನ ಮಾತು ಮನೆಮಾತಿನಲ್ಲಿ ಆದರೆ ಅದರ ಧೈರ್ಯವೇ ಬೇರೆ.

ಇನ್ನು ಆ ನೂಕುನುಗ್ಗಲು. ನೀರಾವರಿ ಸಲಹಾ ಸಮಿತಿಯ ಸಭೆ ಕೂತು ಕಾಲುವೆಗೆ ಇಂಥ ದಿನದಿಂದ ನೀರು ಎಂದು ಹೇಳಿತೆಂದರೆ ಬ್ಯಾಂಕಿಗೆ ಜನ ಬಂದರೆಂದೇ ಲೆಕ್ಕ: ಬೀಜ, ಗೊಬ್ಬರ, ನಾಟಿಯ ಕೂಲಿ, ಬೆಳೆಸಾಲದ ನವೀಕರಣ. ಮುಂಗಾರಿನ ನೆಲ್ಲು ನವೆಂಬರ್–ಡಿಸೆಂಬರಿನಲ್ಲಿ ಕಟಾವಾದಾಗ ಮತ್ತೆ ಬರುತ್ತಾರೆ. ಎರಡನೇ ಬೆಳೆಗೆ ನೀರು ಸಿಗುವ ವರ್ಷ ಬೇಸಿಗೆಯಲ್ಲಿ ಇನ್ನೊಮ್ಮೆ. ಸಿಗದ ವರ್ಷ ಕೌಂಟರು ಖಾಲಿ, ಹಮಾಲರಿಗೆ ಕೆಲಸ ಇಲ್ಲ, ಬಟ್ಟೆ ಅಂಗಡಿಯವರೂ ಬಾಗಿಲಲ್ಲಿ ಕೂತಿರುತ್ತಾರೆ.

ಅವಳನ್ನು ಒಂದು ಬೆಳಿಗ್ಗೆ ಪರಿಚಯದವರ ರೈಸ್ ಮಿಲ್ಲಿಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ಮಂಡಕ್ಕಿ ಒಗ್ಗರಣಿ, ಬಿಸಿ ಮಿರ್ಚಿ ಆಯಿತು. ಮಿಲ್ಲಿನ ಅಂಗಳದಲ್ಲಿ ನೆಲ್ಲಿನ ಲಾರಿ ನಿಂತಿತ್ತು. ಕೊಳ್ಳುವವನು ಒಂದು ಹಿಡಿ ನೆಲ್ಲು ತೆಗೆದುಕೊಂಡು ಎರಡೂ ಅಂಗೈ ನಡುವೆ ಗಟ್ಟಿಯಾಗಿ ತಿಕ್ಕಿ, ಉಫ್ ಎಂದು ಊದಿ ಸಿಪ್ಪೆ ಹಾರಿಸಿದ. ಉಳಿದ ಅಕ್ಕಿಕಾಳನ್ನು ಬಿಸಿಲಿಗೆ ಹಿಡಿದು ಬೆರಳಿನಿಂದ ಸರಿಸುತ್ತ ಮುರಿದದ್ದೆಷ್ಟು, ಹಸಿರು ಕಾಳೆಷ್ಟು ನೋಡಿದ. ಆಮೇಲೆ ಒಂದು ಕಾಳು ಹಲ್ಲಿಗೆ ಹಾಕಿ ಕಟಕ್ಕೆಂದು ಕಡಿದ. ಸದ್ದು ಬಂದರೆ ಒಣಗಿದೆ, ಮೆತ್ತಗೆ ಆದರೆ ಹಸಿ ಇದೆ. ಪಕ್ಕದಲ್ಲಿ ನಿಂತ ರೈತ ಅವನ ಬಾಯನ್ನೇ ನೋಡುತ್ತಿದ್ದ. 75 ಕಿಲೋ ಚೀಲಕ್ಕೆ ಇಷ್ಟು ಎಂದು ಅಲ್ಲೇ ದರ ಆಯಿತು.

ಹುಡುಗಿ ಆ ರೈತನ ಮುಖವನ್ನೇ ನೋಡಿದ್ದಳು. ವಾಪಸ್ ಬರುವಾಗ, "ಅಕ್ಕಾ, ಅವರು ನಮ್ಮ ಬ್ರಾಂಚಿಗೆ ಬರ್ತಾರೆ. ಸಾಲದ ಕಂತು ಕಟ್ಟೋಕೆ ಇನ್ನೆರಡು ದಿನ ಕೊಡಿ ಅಂತಿದ್ರು. ಯಾಕೆ ಎರಡು ದಿನ ಅಂತ ಈಗ ಗೊತ್ತಾಯ್ತು" ಅಂದಳು. ನನಗೆ ಆ ಮಾತು ಬಹಳ ಹಿಡಿಸಿತು. ತರಬೇತಿಯಲ್ಲಿ ಕಂಪ್ಯೂಟರು, ನಿಯಮ ಎಲ್ಲ ಕಲಿಸುತ್ತಾರೆ. ಕೌಂಟರಿನ ಆಚೆ ನಿಂತವನು ಎಲ್ಲಿಂದ ಎದ್ದು ಬಂದ ಅನ್ನುವುದನ್ನು ಊರೇ ಕಲಿಸಬೇಕು, ಅದಕ್ಕೆ ಊರು ತಿರುಗಬೇಕು.

ಡ್ಯಾಮಿನ ಮಾತೂ ಬಂತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋಯಿತು. ನಾಟಿ ಮಾಡಿದ ಸಸಿ ಇನ್ನೂ ಬೇರೂರುವ ಹೊತ್ತು ಅದು. ಇಲ್ಲಿ ಯಾರ ಮನೆಯಲ್ಲೂ ಊಟ ಸೇರಲಿಲ್ಲ. ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ವಾರದ ಹೊತ್ತಿಗೆ ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಇಳಿಸಿ ನೀರು ನಿಲ್ಲಿಸಿದರು. ಆ ಹಿರಿಯರನ್ನೂ ಅವರ ಜೊತೆ ಇಳಿದ ಕೆಲಸಗಾರರನ್ನೂ ನಮ್ಮ ಸೀಮೆ ಮರೆಯಬಾರದು.

ಒಳ್ಳೆಯದಷ್ಟೇ ಹೇಳಿ ಕಳಿಸಲಿಲ್ಲ. ಹೂಳು ತುಂಬಿ ಜಲಾಶಯದ ಸಾಮರ್ಥ್ಯ 105.788 ಟಿಎಂಸಿಗೆ ಇಳಿದಿದೆ. ನಮ್ಮ ಎಡದಂಡೆ ಕಾಲುವೆ ಬಹುಪಾಲು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆಂದು ಹಾಕಿದ್ದು. ತಲೆ ಭಾಗದ ನಾವು ಎಲ್ಲೆಡೆ ನೆಲ್ಲು ಹಚ್ಚಿದ್ದೇವೆ, ಕೊನೆ ಭಾಗದ ರಾಯಚೂರು ಸೀಮೆಯ ರೈತರು ಪ್ರತಿ ವರ್ಷ ನೀರಿಗೆ ಹೋರಾಟ ಮಾಡುತ್ತಾರೆ. ಇದು ತಪ್ಪು ಅಂತಲೇ ನಾನು ಹೇಳುವುದು, ನಮ್ಮ ಓಣಿಯಲ್ಲಿ ಯಾರಿಗೆ ಬೇಸರವಾದರೂ ಸರಿ.

"ಹಂಪಿ ಹತ್ರ ಅಲ್ವಾ ಅಕ್ಕಾ, ಮೊದಲು ಅದನ್ನೇ ನೋಡ್ಲಾ?" ಅಂದಳು.

"ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅಂತಾರ ನಮ್ಮ ಕಡೆ. ಮೊದಲು ಕನಕಗಿರಿಗೆ ಹೋಗು. ಕನಕಾಚಲಪತಿ ಗುಡಿಯೊಳಗ ಸಾವಕಾಶ ಕೂಡು. ಹಂಪಿ ಎಲ್ಲೂ ಓಡಿ ಹೋಗೂದಿಲ್ಲ."

ಕನಕಗಿರಿ ಆಯಿತು. ಮುಂದಿನದು ಮಸ್ಕಿ. ಅಶೋಕನ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ಅಲ್ಲಿ ಸಿಕ್ಕಿತು ಅಂದಾಗ ಶಾಲೆಯಲ್ಲಿ ಓದಿದ್ದು ಇಷ್ಟು ಹತ್ತಿರ ಇದೆಯಾ ಅಂತ ಕಣ್ಣರಳಿಸಿದಳು. ಈ ಭಾನುವಾರ ಅವಳು ಊರಿಗೆ ಹೋಗುತ್ತಿಲ್ಲ. ಬೆಳಿಗ್ಗೆ ಸಿಂಧನೂರು ಬಸ್ಸು ಹಿಡಿದು ಅಲ್ಲಿಂದ ಮಸ್ಕಿಗೆ ಹೋಗುವುದು ಅಂತ ಆಗಿದೆ. ಶಕ್ತಿ ಯೋಜನೆಯಿಂದಾಗಿ ಇಬ್ಬರಿಗೂ ಟಿಕೀಟಿನ ಖರ್ಚಿಲ್ಲ, ಆಧಾರ್ ಕಾರ್ಡು ಇಟ್ಟುಕೋ ಅಂದಿದ್ದೇನೆ. ಬುತ್ತಿ ನಾನು ಕಟ್ಟುತ್ತೇನೆ: ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮೊಸರನ್ನ.