ಲೈಸೆನ್ಸ್ ಬೇಡವೆಂಬ ಲೈಸೆನ್ಸಿಗಾಗಿ ಸ್ಕಿಲ್ಲಣ್ಣ

ಬೆಂಗಳೂರಿನ ಯಾವುದಾದರೂ ದರ್ಶಿನಿಯ ಮುಂದೆ ನಿಂತು ಬೈಟು ಕಾಫಿ ಹೀರುತ್ತ, ಕಂಕುಳಲ್ಲಿ ದಪ್ಪ ಫೈಲು ಇರುಕಿಕೊಂಡು, ‘ಇದು ಜೂಜಲ್ಲ ಸಾರ್, ಸ್ಕಿಲ್ಲು!’ ಎನ್ನುವವರೊಬ್ಬರು ನಿಮಗೆ ಸಿಕ್ಕಿದರೆ, ಅವರೇ ನಮ್ಮ ಸ್ಕಿಲ್ಲಣ್ಣ. ಹೆಸರು ಬೇರೆ ಇದೆ. ಈಗ ಅದು ರೇಷನ್ ಕಾರ್ಡಿಗೆ ಮಾತ್ರ ಗೊತ್ತು. ಉದ್ಯೋಗ, ಸದ್ಯದಲ್ಲೇ ಪೋಕರ್ ಕ್ಲಬ್ ತೆರೆಯುವುದು. ಆ ‘ಸದ್ಯದಲ್ಲೇ’ಗೂ ಈಗ ತಲೆ ನರೆತಿದೆ.

ಸ್ಕಿಲ್ಲಣ್ಣನ ಆಸ್ತಿಯೆಲ್ಲ ಆ ಫೈಲಿನಲ್ಲಿದೆ. ತಳದಲ್ಲಿ 1967ರ ಸುಪ್ರೀಂ ಕೋರ್ಟ್ ತೀರ್ಪು. ಸಿಕಂದರಾಬಾದಿನ ಕ್ಲಬ್ಬೊಂದರಲ್ಲಿ ರಮ್ಮಿ ಆಡಿ ಸಿಕ್ಕಿಬಿದ್ದವರ ಕೇಸು ಅದು. ಬಿದ್ದ ಎಲೆ ನೆನಪಿಟ್ಟುಕೊಳ್ಳಬೇಕು, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ಜಾಣ್ಮೆ ಬೇಕು, ಆದ್ದರಿಂದ ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದಿತು ಕೋರ್ಟು. ಮೂರೆಲೆ ಆಟ ಬರೀ ಅದೃಷ್ಟ ಎಂದೂ ಅದೇ ತೀರ್ಪಿನಲ್ಲಿದೆ. ಸ್ಕಿಲ್ಲಣ್ಣನ ಝೆರಾಕ್ಸಿನಲ್ಲಿ ಸರಿಯಾಗಿ ಆ ಸಾಲಿನ ಮೇಲೆ ಕಾಫಿ ಚೆಲ್ಲಿದೆ. ಅದರ ಮೇಲೆ ಕುದುರೆ ರೇಸೂ ಕೌಶಲವೇ ಎಂದ 1996ರ ತೀರ್ಪು. ಮೇಲುಗಡೆ, ಅರಿಶಿನ ಕುಂಕುಮ ಹಚ್ಚಿಸಿಕೊಂಡು, 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 176ನೇ ಸೆಕ್ಷನ್ನು: ಶುದ್ಧ ಕೌಶಲದ ಆಟಕ್ಕೆ ಜೂಜಿನ ಕಲಮುಗಳು ಅನ್ವಯಿಸವು.

ಪೋಕರ್ ಜೂಜೇ ಎಂದು 2017ರಲ್ಲಿ ಗುಜರಾತ್ ಹೈಕೋರ್ಟ್ ಕೊಟ್ಟ ತೀರ್ಪು ಮಾತ್ರ ಫೈಲಿನಲ್ಲಿಲ್ಲ. ಕೇಳಿದರೆ, ‘ಅದು ಬೇರೆ ರಾಜ್ಯ, ನಮಗ್ಯಾಕೆ?’ ಎನ್ನುತ್ತಾರೆ. ಪೋಕರನ್ನು ಜೂಜಿನ ಪಟ್ಟಿಯಿಂದ ಹೊರಗಿಟ್ಟ ಪಶ್ಚಿಮ ಬಂಗಾಳದ 1957ರ ಕಾಯ್ದೆ ಮಾತ್ರ ಭದ್ರವಾಗಿದೆ. ಬಂಗಾಳವೂ ಬೇರೆ ರಾಜ್ಯವೇ ಅಲ್ಲವೇ ಎಂದರೆ, ‘ದೇಶ ಒಂದೇ ಅಲ್ವಾ ಸಾರ್!’

ಸ್ಕಿಲ್ಲಣ್ಣನ ನಿಜವಾದ ಕಷ್ಟ ಶುರುವಾದದ್ದು ಗೆಲುವಿನಿಂದಲೇ. ಪೋಕರನ್ನು ಕೌಶಲದ ಆಟವಾಗಿ ಆಡಿಸುವುದಾದರೆ ಲೈಸೆನ್ಸೇ ಬೇಕಿಲ್ಲ ಎಂದು ನಮ್ಮ ಹೈಕೋರ್ಟು 2013ರಲ್ಲಿ ಹೇಳಿತು. ಬೇರೆ ಯಾರಾದರೂ ಆಗಿದ್ದರೆ ಅಂದೇ ಮೇಜು ಹಾಕುತ್ತಿದ್ದರು. ಆದರೆ ಸ್ಕಿಲ್ಲಣ್ಣ ಗೋಡೆಗೆ ಫ್ರೇಮು ಹಾಕಿಸಲು ಕಾಗದ ಬೇಡವೇ ಎಂದು ಪೊಲೀಸ್ ಠಾಣೆಗೆ ಹೋದರು.

‘ಬೇಡ ಅಂತ ಕೋರ್ಟೇ ಹೇಳಿದೆಯಲ್ಲ ಸ್ವಾಮಿ, ಮತ್ತೆ ನಮ್ಮ ಹತ್ರ ಯಾಕೆ ಬಂದ್ರಿ?’

‘ಬೇಡ ಅಂತ ನೀವೊಂದು ಬರೆದುಕೊಟ್ಟುಬಿಡಿ ಸಾರ್.’

‘ಬೇಡದ್ದನ್ನ ಕೊಡೋಕೆ ನಮಗೆ ಅಧಿಕಾರ ಇಲ್ಲ.’

‘ಹಾಗಾದ್ರೆ ತೆರೀಲಾ?’

‘ತೆರೀರಿ. ಅದು ಸ್ಕಿಲ್ಲೋ ಅಲ್ವೋ ಅಂತ ರೇಡಿಗೆ ಬಂದಾಗ ನೋಡ್ತೀವಿ.’

ಅಂದಿನಿಂದ ಅವರು ಲೈಸೆನ್ಸ್ ಬೇಡವೆಂಬುದಕ್ಕೆ ಲೈಸೆನ್ಸ್ ಹುಡುಕುತ್ತಿದ್ದಾರೆ. ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಏಳು ಜನ ಬೇಕೆಂದು ಇಬ್ಬರು ಭಾವಮೈದುನರು, ಬಾಡಿಗೆಯವರು, ಹಾಲಿನವರು ಎಂದೆಲ್ಲ ಹೆಕ್ಕಿ ಸೇರಿಸಿದರು. ಉದ್ದೇಶದ ಕಾಲಮ್ಮಿನಲ್ಲಿ ‘ಸದಸ್ಯರ ಬೌದ್ಧಿಕ ವಿಕಾಸ’ ಎಂದು ಬರೆಸಿದರು. ಆ ಏಳರಲ್ಲಿ ಆರು ಮಂದಿಗೆ ಇಸ್ಪೀಟಿನಲ್ಲಿ ಆಟೀನು ಯಾವುದು, ಕಳಾವರು ಯಾವುದು ಎಂದು ಇನ್ನೂ ಗೊತ್ತಿಲ್ಲ.

ಸರ್ಕಾರವೂ ಅವರನ್ನು ಸುಮ್ಮನೆ ಕೂರಲು ಬಿಡುವುದಿಲ್ಲ. ಅದೇ ಪೊಲೀಸ್ ಕಾಯ್ದೆಗೆ ತಂದ 2021ರ ತಿದ್ದುಪಡಿ ಕೌಶಲದ ಆಟಕ್ಕೂ ಪಣ ಕಟ್ಟಬಾರದೆಂದಿತು. ಸ್ಕಿಲ್ಲಣ್ಣ ಹಾಸಿಗೆ ಹಿಡಿದರು. 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಎದ್ದು ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು, ಮತ್ತೆ ಬಿ.ಪಿ. ಮಾತ್ರೆ. 2025ರಲ್ಲಿ ಕೇಂದ್ರದ ಕಾಯ್ದೆ ಆನ್‌ಲೈನಿನ ಹಣದ ಆಟಗಳನ್ನು ನಿಷೇಧಿಸಿದಾಗ ಊರಿಗೆಲ್ಲ ಕಂಡದ್ದು ನಿಷೇಧ, ಇವರಿಗೆ ಕಂಡದ್ದು ಗಿರಾಕಿ. ‘ಮೊಬೈಲ್ ಬಂದ್ ಆಯ್ತು, ಇನ್ನು ಎಲ್ಲಾ ನಮ್ಮ ಮೇಜಿಗೇ ಬರಬೇಕು!’

ಮನೆಯಲ್ಲಿ ಮಾತ್ರ ಯಾವ ತೀರ್ಪೂ ನಡೆಯದು. ಒಮ್ಮೆ ಸ್ಕಿಲ್ಲಣ್ಣ ಮಹಾಭಾರತಕ್ಕೇ ಕೈ ಹಾಕಿದರು. ‘ನೋಡೇ, ಶಕುನಿಗೆ ಸ್ಕಿಲ್ ಇತ್ತು, ಗೆದ್ದ. ಧರ್ಮರಾಯನಿಗೆ ಇರಲಿಲ್ಲ, ಸೋತ. ಇದರಲ್ಲಿ ಅದೃಷ್ಟ ಎಲ್ಲಿ ಬಂತು?’

‘ಆ ಆಟಕ್ಕೆ ಪರ್ಮಿಷನ್ ಕೊಟ್ಟೋರು ಯಾರ್ರೀ?’

‘ಧೃತರಾಷ್ಟ್ರ.’

‘ಅದಕ್ಕೇ ನಿಮ್ಮ ಫೈಲ್ ಮುಂದಕ್ಕೆ ಹೋಗ್ತಿಲ್ಲ. ಇಲ್ಲಿ ಸಹಿ ಹಾಕೋರಿಗೆಲ್ಲ ಕಣ್ಣು ಕಾಣುತ್ತೆ.’

ಆಟದ ಗಣಿತದಲ್ಲಿ ಸ್ಕಿಲ್ಲಣ್ಣನನ್ನು ಮೀರಿಸುವವರಿಲ್ಲ. ಐದೆಲೆಯಲ್ಲಿ ರಾಯಲ್ ಫ್ಲಶ್ ಬೀಳುವುದು 6,49,740ಕ್ಕೆ ಒಮ್ಮೆ ಎಂದು ನಿದ್ದೆಗಣ್ಣಲ್ಲೂ ಹೇಳುತ್ತಾರೆ. ತಮ್ಮ ಅರ್ಜಿಯ ಮೇಲೆ ಸಹಿ ಬೀಳುವುದು ಎಷ್ಟಕ್ಕೆ ಒಮ್ಮೆ ಎಂಬ ಲೆಕ್ಕ ಮಾತ್ರ ಇನ್ನೂ ಹಾಕಿಲ್ಲ. ಪೋಕರಿನಲ್ಲಿ ಯಾರೇ ಗೆಲ್ಲಲಿ, ಪ್ರತಿ ಆಟದ ಹಣದಿಂದ ಕ್ಲಬ್ಬಿನವರು ತಮ್ಮ ಪಾಲು ತೆಗೆದಿಟ್ಟುಕೊಳ್ಳುತ್ತಾರೆ. ಸೋಲೆಂಬುದು ಇಲ್ಲದ ಕುರ್ಚಿ ಅದೊಂದೇ. ಸ್ಕಿಲ್ಲಣ್ಣನ ಕಣ್ಣು ಇದ್ದದ್ದು ಆ ಕುರ್ಚಿಯ ಮೇಲೆ. ಆದರೆ ಕ್ಲಬ್ಬಿನ ಬಾಗಿಲು ತೆರೆಯುವ ಮೊದಲೇ ಛಾಪಾ ಕಾಗದದವನು, ನೋಟರಿ, ಬ್ರೋಕರು, ವಕೀಲರು, ಝೆರಾಕ್ಸ್ ಅಂಗಡಿಯ ಹುಡುಗ ಎಲ್ಲರೂ ಪಾಲು ತೆಗೆದುಕೊಂಡಾಗಿದೆ. ಇಡೀ ಆಟದಲ್ಲಿ ದುಡ್ಡು ಕಟ್ಟುತ್ತಿರುವವರು ಸ್ಕಿಲ್ಲಣ್ಣ ಒಬ್ಬರೇ.

ಈಗ ಅವರು ಪಾಲುದಾರರನ್ನು ಹುಡುಕುತ್ತಿದ್ದಾರಂತೆ. ನಿಮ್ಮ ಮನೆಗೂ ಬರಬಹುದು. ಬಹಳ ಒಳ್ಳೆಯ ಮನುಷ್ಯ, ಕೂರಿಸಿ ಕಾಫಿ ಕೊಡಿ, ಫೈಲನ್ನೂ ಗೌರವದಿಂದ ನೋಡಿ. ಚೆಕ್ ಪುಸ್ತಕ ಮಾತ್ರ ಒಳಗಿರಲಿ. ಸ್ಕಿಲ್ ಎಂದರೆ ಅದೇ.